ಕೇಳದೆ ಕೇಳಿದ ಮಾತು

"ಬೆರಳು ಮಡಿಸಿ ತೋರ್ಸು," ಅಂದರು ಡಾಕ್ಟರು.

ದೊಡ್ಡಪಾಲಯ್ಯ ಬಲಗೈಯ ಬೆರಳುಗಳನ್ನು ಮಡಿಸಿದ, ಬಿಡಿಸಿದ. ಎತ್ತಿನ ಕೋಡು ಸೀಳಿದ್ದ ಅಂಗೈ ಚೆನ್ನಾಗಿ ಕೂಡಿಕೊಂಡಿತ್ತು. ಕೀವಿಲ್ಲ, ಊತವಿಲ್ಲ. ಬೇರೆ ದಿನವಾಗಿದ್ದರೆ ಮೊಳಕಾಲ್ಮೂರಿನ ಆಸ್ಪತ್ರೆಯ ಡಾಕ್ಟರ್ ಅಬಾಜಿ ಪೇಣಕರರು ತಮ್ಮ ಕೈಗುಣಕ್ಕೆ ತಾವೇ ಮೀಸೆಯಡಿ ನಗುತ್ತಿದ್ದರು. ಈವತ್ತು ಅವರಿಗೆ ನಗು ಬರಲಿಲ್ಲ. ಗಾಯ ಮಾಯ್ದ ಮೇಲೆ ಈ ಮನುಷ್ಯ ಮತ್ತೆ ಯಾಕೆ ಬರುತ್ತಾನೆ? ಹೋದ ಸಲ ಪಟ್ಟಿ ಕಟ್ಟುವಾಗ, ಮುಲಾಮು ಒಂದಿಷ್ಟು ಕಡಿಮೆ ಹಚ್ಚಿದರೆ ಹೇಗೆ ಎನ್ನುವ ಹಾಳು ಯೋಚನೆಯೂ ಅವರ ತಲೆಗೆ ಬಂದುಹೋಗಿತ್ತು. ನಾಚಿಕೆಯಿಂದ ಎರಡರಷ್ಟು ಹಚ್ಚಿ ಕಳಿಸಿದ್ದರು.

ಅವರ ಬೆನ್ನ ಹಿಂದಿನ ಬಾಗಿಲ ಮರೆಯಲ್ಲಿ ಮಗಳು ರಿಬ್ಕಾ ನಿಂತಿದ್ದಳು. ಕಾಣಿಸಿಕೊಳ್ಳಬಾರದು, ಕೆಮ್ಮಬಾರದು, ಬಾಯಿ ಬಿಡಬಾರದು ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದರು. ಹೇಳದಿದ್ದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ಬಾಗಿಲು ಎಲ್ಲಿ ಕಿರುಗುಟ್ಟೀತೋ ಎಂದು ಗೋಡೆಗೆ ಒರಗಿಕೊಂಡಿದ್ದಳು.

ಪೇಣಕರರದು ಕೊಂಕಣದಿಂದ ಬಂದ ಬೆನೆ ಇಸ್ರೇಲರ ಮನೆತನ. ಧರ್ಮದಲ್ಲಿ ಯೆಹೂದ್ಯರು, ಮನೆಮಾತು ಮರಾಠಿ. ಊರಿನವರು ಮೊದಲು ಇವರನ್ನು ಮರಾಠರು ಅಂದುಕೊಂಡರು. ಹಂದಿ ಮುಟ್ಟುವುದಿಲ್ಲವೆಂದು ತಿಳಿದಾಗ ಸಾಬರು ಅಂದರು. ಶನಿವಾರ ಒಲೆ ಹಚ್ಚುವುದಿಲ್ಲವೆಂದು ಗೊತ್ತಾದಾಗ ಏನೂ ತೋಚದೆ "ಶನಿವಾರದ ಡಾಕ್ಟ್ರು" ಎಂದು ಹೆಸರಿಟ್ಟು ಸುಮ್ಮನಾದರು. ಅಳಿಯ ಹಸಾಜಿ ಚಳ್ಳಕೆರೆಯಲ್ಲಿ ಸರ್ಕಾರದ ಕಡೆಯಿಂದ ಪ್ಲೇಗಿನ ಸೂಜಿ ಹಾಕುವ ಕೆಲಸದಲ್ಲಿದ್ದ. ಹೋದ ವರ್ಷದ ಪ್ಲೇಗಿನಲ್ಲಿ, ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಆಚೆಯ ಹಟ್ಟಿಗಳಿಗೆ ಸೂಜಿ ಹಾಕಿ ಬರುತ್ತೇನೆಂದು ಕುದುರೆ ಏರಿ ಹೋದ. ವಾರದ ಮೇಲೆ ಕುದುರೆ ಒಂದೇ ಚಳ್ಳಕೆರೆಗೆ ಬಂತು. ಪೊಲೀಸರು ಹಟ್ಟಿ ಹಟ್ಟಿ ತಿರುಗಿ ವಿಚಾರಿಸಿದರು. ಯಾರೂ ಕಂಡಿಲ್ಲ, ಯಾರಿಗೂ ಗೊತ್ತಿಲ್ಲ.

ಅವತ್ತಿನಿಂದ ರಿಬ್ಕಾ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಗಂಡ ಸತ್ತದ್ದಕ್ಕೆ ಸಾಕ್ಷಿ ಸಿಗುವವರೆಗೆ ಅವಳು ಅವನ ಹೆಂಡತಿಯೇ ಎನ್ನುತ್ತದೆ ಅವರ ಧರ್ಮಶಾಸ್ತ್ರ. ಇಪ್ಪತ್ತೆರಡರ ಹುಡುಗಿ ಮುದುಕಿಯಾಗುವ ತನಕವೂ ಹಾಗೆಯೇ. ಮತ್ತೊಂದು ಮದುವೆಯ ಮಾತು ಹಾಗಿರಲಿ, ಸತ್ತವರಿಗೆ ತಮ್ಮವರು ಮಾಡುವಂತೆ ಉಟ್ಟ ಬಟ್ಟೆಯ ಅಂಚು ಹರಿದುಕೊಂಡು, ನೆಲದ ಮೇಲೆ ಕೂತು ಏಳು ದಿನ ಸೂತಕ ಹಿಡಿದು ಅಳುವುದಕ್ಕೂ ಅವಳಿಗೆ ಅಪ್ಪಣೆ ಇರಲಿಲ್ಲ. ಬದುಕಿರಬಹುದಾದವನಿಗೆ ಅಳುವುದು ಹೇಗೆ?

ಡಾಕ್ಟರು ಮುಂಬೈಯ ಹಾಖಾಮರಿಗೆ, ಎಂದರೆ ತಮ್ಮ ಧರ್ಮಶಾಸ್ತ್ರ ಬಲ್ಲ ಪಂಡಿತರಿಗೆ, ಕಾಗದ ಬರೆದರು. ಕುದುರೆ ಬರಿಯ ಬೆನ್ನಲ್ಲಿ ಬಂತೆಂದು ತಿಳಿಸಿದರು. ಕುದುರೆ ಸಾಕ್ಷಿಯಲ್ಲ ಎಂದು ಉತ್ತರ ಬಂತು. ಕಾವಲಿನ ಜಾಲಿಮುಳ್ಳಿನಲ್ಲಿ ಟೋಪಿ ಸಿಕ್ಕಿತೆಂದು ಬರೆದರು. ಟೋಪಿ ಬಿದ್ದರೆ ತಲೆ ಬಿದ್ದಂತಲ್ಲ ಎಂದು ಉತ್ತರ ಬಂತು. ಸಣ್ಣ ಹೀಬ್ರೂ ಅಕ್ಷರದಲ್ಲಿ ಒತ್ತಾಗಿ ಬರೆದ ಆ ಹಾಳೆಗಳ ಕೆಳಗೆ ಗುಮಾಸ್ತನೊಬ್ಬ ಮರಾಠಿಯಲ್ಲಿ ಅರ್ಥ ಬರೆದಿರುತ್ತಿದ್ದ. ಡಾಕ್ಟರು ಅದನ್ನು ಓದಿ ಮಡಿಸುವಾಗ ಮಗಳ ಮುಖ ನೋಡುತ್ತಿರಲಿಲ್ಲ.

ಹಾಗಿರುವಾಗ ಕೈ ಸೀಳಿಕೊಂಡು ಬಂದವನು ದೊಡ್ಡಪಾಲಯ್ಯ. ಕಾವಲಿನ ಆಚೆಯ ಹಟ್ಟಿಯವನು, ದೇವರ ಎತ್ತು ಕಾಯುವ ಕಿಲಾರಿ. ಹೊಲಿಗೆ ಹಾಕುತ್ತಿದ್ದಾಗ ನೋವಿನಲ್ಲಿ, "ಆ ಸೂಜಿ ಸ್ವಾಮೇರೂ ಹಿಂಗೇ ಮೆತ್ತಗೆ ಚುಚ್ತಿದ್ರು," ಎಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ಅವನ ಮುಖ ಬಿಳುಚಿಕೊಂಡದ್ದು ನೋವಿಗಲ್ಲ ಎಂದು ಡಾಕ್ಟರಿಗೆ ಕೂಡಲೇ ಗೊತ್ತಾಯಿತು. ಮತ್ತೆ ಮುಂಬೈಗೆ ಬರೆದರು: ನಮ್ಮವನಲ್ಲದವನ ಮಾತು ನಡೆದೀತೇ?

ನಡೆಯುತ್ತದೆ ಎಂದು ಬಂತು ಉತ್ತರ. ಆದರೆ ಒಂದು ಕಟ್ಟು. ಅವನು ತಾನಾಗಿ, ಯಾರೂ ಕೇಳದೆ, ಯಾತಕ್ಕೆಂದು ತಿಳಿಯದೆ ಆಡಿದ ಮಾತಾಗಿರಬೇಕು. ಒಂದು ಪ್ರಶ್ನೆಯನ್ನೂ ಹಾಕಬೇಡಿ. ಪ್ರಶ್ನೆ ಕೇಳಿದ ಮೇಲೆ ಹೇಳಿದ ಮಾತು ಮಾತಲ್ಲ. ಇನ್ನೊಂದು ಕಟ್ಟು: ಹೋದ, ಕಾಣೆಯಾದ, ದೇವರ ಪಾದ ಸೇರಿದ ಎನ್ನುವ ಮಾತುಗಳು ಸಾಲವು. ಸತ್ತ ಎಂದು, ಕಣ್ಣಾರೆ ಕಂಡೆ ಎಂದು, ಹೂಳಿದೆ ಎಂದು ಬಿಚ್ಚಿ ಹೇಳಿರಬೇಕು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿ.

ಕನ್ನಡದಲ್ಲಿ ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಯಿಂದ ಕೇಳುವುದೂ ಕೇಳುವುದೇ. ಮಗಳಿಗೆ ಕನ್ನಡದಲ್ಲಿ ಹೇಳಹೋಗಿ ಡಾಕ್ಟರು ತೊದಲಿದರು: "ನಾವು ಕೇಳಬೇಕು, ಆದರೆ ಕೇಳಬಾರದು." ಆ ಕಾಗದ ಬಂದಂದಿನಿಂದ ಅವರಿಗೆ ಪ್ರಶ್ನೆ ಎಂದರೆ ಹಾವು ಕಂಡಷ್ಟು ಹೆದರಿಕೆ. ಪಾಲಯ್ಯ ಬಂದರೆ ಹೇಗಿದ್ದೀಯ ಎನ್ನುತ್ತಿರಲಿಲ್ಲ, ಊಟ ಆಯ್ತಾ ಎನ್ನುತ್ತಿರಲಿಲ್ಲ. ಕೂತ್ಕೋ, ಕೈ ನೀಡು, ಬಿಸಿಲು ಜಾಸ್ತಿ ಆಯ್ತಪ್ಪ, ಇಷ್ಟೇ. ಎರಡನೇ ಕಟ್ಟಂತೂ ಇನ್ನೂ ಕಷ್ಟದ್ದು. ಹೆಂಡತಿಯ ಎದುರಿಗೆ ಅವಳ ಗಂಡ ಸತ್ತ ಎಂದು ಬಾಯಿಬಿಟ್ಟು ಹೇಳುವ ಗಂಡಸು ಈ ಸೀಮೆಯಲ್ಲಿ ಇಲ್ಲ. ಅದಕ್ಕೇ ರಿಬ್ಕಾ ಬಾಗಿಲ ಮರೆಯಲ್ಲಿ ಇರಬೇಕಾಗಿತ್ತು.

"ಇನ್ಮ್ಯಾಲೆ ನಾ ಬರಾಕಿಲ್ಲ ಸ್ವಾಮಿ," ಎಂದ ಪಾಲಯ್ಯ. "ಈವತ್ತೇ ದೇವ್ರೆತ್ತು ಹೊಡ್ಕೊಂಡು ಹೊಳೆ ಸೀಮೆಗೆ ಹೊಂಟೀವಿ. ಈ ಕಡೆ ಹುಲ್ಲೇ ಇಲ್ಲ. ಮಳೆ ಬರೋಗಂಟ ಇತ್ಲಾಗೆ ಸುಳಿಯಾಕಿಲ್ಲ."

ಡಾಕ್ಟರು ಪಟ್ಟಿ ಸುತ್ತತೊಡಗಿದರು. ಅಷ್ಟು ನಿಧಾನವಾಗಿ ಅವರು ಜನ್ಮದಲ್ಲಿ ಪಟ್ಟಿ ಸುತ್ತಿರಲಿಲ್ಲ. ಸಿಕ್ಕಸಿಕ್ಕವರನ್ನು ಪ್ರಶ್ನೆ ಕೇಳುವುದೇ ಚಟವಾಗಿದ್ದ ಕಾಂಪೌಂಡರ್ ಜಂಬುಲಿಂಗಪ್ಪನನ್ನು ಬೇಕೆಂದೇ ಕಚೇರಿಗೆ ಅಟ್ಟಿದ್ದರು. ಜಗುಲಿಯ ಮೇಲೆ ಇಬ್ಬರೇ.

"ನಿಮ್ ಕೈ ತಣ್ಣಗೈತೆ ಸ್ವಾಮಿ."

"ವಯಸ್ಸಾಯ್ತಪ್ಪ," ಎಂದರು ಡಾಕ್ಟರು.

"ಸೂಜಿ ಸ್ವಾಮೇರ ಕೈ ಬೆಚ್ಚಗಿತ್ತು." ಪಾಲಯ್ಯ ಬೀದಿಯ ಕಡೆ ನೋಡುತ್ತ ತನಗೆ ತಾನೇ ಎನ್ನುವ ಹಾಗೆ ಹೇಳಿದ. "ನಮ್ ಹಟ್ಟಿ ಮಕ್ಳಿಗೆಲ್ಲಾ ಸೂಜಿ ಹಾಕಿದ್ರು. ಒಂದ್ ಕೂಸೂ ಹೋಗ್ಲಿಲ್ಲ. ಪಾಪ, ಕೊನೀಗೆ ಅವ್ರೇ ಹೋಗ್ಬಿಟ್ರು."

ಬಾಗಿಲ ಹಿಂದೆ ರಿಬ್ಕಾ ಆ ಮಾತನ್ನೇ ತೂಗಿ ನೋಡಿದಳು. ಹೋಗ್ಬಿಟ್ರು. ಊರಿಗೆ ಹೋದವರೂ ಹೋಗುತ್ತಾರೆ, ಲೋಕ ಬಿಟ್ಟವರೂ ಹೋಗುತ್ತಾರೆ. ಇನ್ನೊಂದು ಮಾತು, ಒಂದೇ ಒಂದು. ಆ ಮಾತು ಬರಲಿ ಎಂದು ಅವಳು ದೇವರಲ್ಲಿ ಬೇಡಿದಳು. ಬೇಡುತ್ತಿರುವುದು ಏನನ್ನು ಎಂದು ಹೊಳೆದ ಕೂಡಲೇ, ಬೇಡ, ಬರದಿರಲಿ, ಎಂದೂ ಬೇಡಿದಳು.

ಡಾಕ್ಟರು ಪಟ್ಟಿಯ ಮೇಲಿಟ್ಟ ಕಣ್ಣು ಎತ್ತಲಿಲ್ಲ. ಪಾಲಯ್ಯ ಇನ್ನೇನೋ ಹೇಳಲು ಗಂಟಲು ಸರಿಮಾಡಿಕೊಂಡ.

"ಯಾರಲೇ ಅದು, ಪಾಲಯ್ಯ? ಎಲ್ಲಿಗೋದ್ರು?"

ಜಂಬುಲಿಂಗಪ್ಪ. ಕಚೇರಿಯ ಬಾಗಿಲು ಹಾಕಿತ್ತೆಂದು ಅರ್ಧ ದಾರಿಯಿಂದಲೇ ತಿರುಗಿ ಬಂದು, ಮೆಟ್ಟಿಲ ಬಳಿ ಕೊಡೆ ಮಡಿಸುತ್ತ ನಿಂತಿದ್ದ.

ಪಾಲಯ್ಯ ಕೈ ಕಿತ್ತುಕೊಂಡ. "ಯಾರಿಲ್ಲ ಬಿಡ್ರಿ. ಕುದ್ರೆ ಏರಿ ಹೋದ್ರು ಅಂದೆ. ನಂಗೇನ್ ಗೊತ್ತು?" ಅರ್ಧ ಸುತ್ತಿದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು, ಎತ್ತು ಕಟ್ಟಿದ್ದ ಹಿತ್ತಲ ಕಡೆ ದಾಪುಗಾಲು ಹಾಕಿದ. ಅವನ ಕಣ್ಣಿನಲ್ಲಿದ್ದ ಭಯ ಡಾಕ್ಟರಿಗೆ ಹೊಸದೇನಲ್ಲ. ಕನ್ನಡಿಯಲ್ಲಿ ದಿನಾ ನೋಡುತ್ತಿದ್ದದ್ದು ಅದನ್ನೇ.

"ನಾನೇನ್ ತಪ್ಪು ಕೇಳ್ದೆ ಸ್ವಾಮಿ? ಹಂಗ್ಯಾಕೆ ಓಡಿದ?" ಎಂದ ಜಂಬುಲಿಂಗಪ್ಪ.

ಡಾಕ್ಟರು ಬೆಂಚಿನ ಮೇಲೆ ಕುಸಿದು ಕೂತರು. ಇನ್ನು ಅವನು ಏನು ಹೇಳಿದರೂ ಕೇಳಿದ ಮೇಲೆ ಹೇಳಿದ್ದಾಗುವುದೇನೋ. ಅದನ್ನೂ ಮುಂಬೈಗೆ ಬರೆದು ತಿಳಿಯಬೇಕು. ಅಷ್ಟರಲ್ಲಿ ಅವನು ಯಾವ ಹೊಳೆಯ ದಂಡೆಯಲ್ಲಿರುತ್ತಾನೋ. ಮಗಳನ್ನು ಸಮಾಧಾನ ಮಾಡೋಣವೆಂದು ಬಾಗಿಲು ನೂಕಿದರೆ ಅಲ್ಲಿ ಅವಳಿರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು.

ಔಷಧದ ಕೋಣೆಯ ಕಿಟಕಿಗೆ ಓಡಿದರು. ಬೇವಿನ ಮರದ ಕೆಳಗೆ ಪಾಲಯ್ಯ ಎಡಗೈಯಲ್ಲಿ ಹಗ್ಗ ಬಿಚ್ಚುತ್ತಿದ್ದ. ಎರಡು ಮಾರು ಈಚೆ ರಿಬ್ಕಾ. ಒಬ್ಬಳೇ ಅಳಬೇಕೆಂದು ಹಿತ್ತಲಿಗೆ ಬಂದವಳು ಅವನನ್ನು ಕಂಡು ಕಲ್ಲಾಗಿದ್ದಳು. ಡಾಕ್ಟರಿಗೆ ಕೂಗಿ ಕರೆಯಲೂ ಭಯ, ಸುಮ್ಮನಿರಲೂ ಭಯ. ಅವಳು ಬಾಯಿ ಬಿಟ್ಟು ಏನಾದರೂ ಕೇಳಿದಳೋ, ಮುಗಿಯಿತು.

ಪಾಲಯ್ಯ ಅವಳನ್ನು ನೋಡಿದ. ಕೊರಳಿನ ತಾಳಿಯನ್ನೂ ನೋಡಿದ. ಇವಳು ಯಾರೆಂದು ಊರಲ್ಲಿ ಯಾರೋ ಅವನಿಗೆ ಹೇಳಿರಬೇಕು. ಹಗ್ಗ ಅವನ ಕೈಯಲ್ಲೇ ನಿಂತಿತು.

"ಅವ್ವಾ," ಎಂದ. "ನೀವು ದಾರಿ ನೋಡ್ಬ್ಯಾಡ್ರವ್ವಾ."

ಅವಳು ತುಟಿ ಬಿಚ್ಚಲಿಲ್ಲ.

"ಅವ್ರು ಬರಾಕಿಲ್ಲ. ಶಿವನ ಪಾದಕ್ಕೆ ಹೋದ್ರು."

ಅವಳು ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಇದ್ದಳು. ಅಳಲಿಲ್ಲ, ತಲೆ ಆಡಿಸಲಿಲ್ಲ, ಹೌದಾ ಎನ್ನಲಿಲ್ಲ. ಇಂಥ ಮಾತಿಗೆ ಎದೆ ಬಡಿದುಕೊಳ್ಳದ ಹೆಂಗಸನ್ನು ಪಾಲಯ್ಯ ಕಂಡಿರಲಿಲ್ಲ. ಮರಾಠಿ ಅಮ್ಮ, ಪಾಪ, ಕನ್ನಡ ತಿಳಿಯುವುದಿಲ್ಲ ಎಂದುಕೊಂಡ. ತೀರಿಕೊಂಡರು ಎನ್ನುವುದನ್ನೇ ತೆಲುಗಿನಲ್ಲಿ "ಚನಿಪೋಯಿನಾರಮ್ಮಾ" ಎಂದು ನೋಡಿದ. ಅದಕ್ಕೂ ಅವಳು ಅಲುಗಲಿಲ್ಲ. ಅಪ್ಪ ಮೊದಲು ಚಳ್ಳಕೆರೆಯ ಆಸ್ಪತ್ರೆಯಲ್ಲಿದ್ದಾಗ ಅವಳು ಅಲ್ಲಿನ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವಳೆಂದು, ಅವಳಿಗೆ ಬರುವಷ್ಟು ಬೈಗುಳ ಜಂಬುಲಿಂಗಪ್ಪನಿಗೂ ಬರುವುದಿಲ್ಲವೆಂದು ಅವನಿಗೇನು ಗೊತ್ತು?

ಮಾತು ಬಾರದ ಕೂಸಿಗೆ ಹೇಳಿಕೊಡುವವನ ಹಾಗೆ ಅವನು ಒಂದೊಂದೇ ಮಾತನ್ನು ಬಿಡಿಸಿ, ಕೈಯಾಡಿಸಿ ಹೇಳಿದ. ಮರ್ಯಾದೆಯ ಮಾತುಗಳೆಲ್ಲ ಉದುರಿಹೋದವು.

"ಸೂಜಿ ಸ್ವಾಮಿ. ಸತ್ತ. ಸತ್ತೋದ." ಕಣ್ಣು ಮುಚ್ಚಿ ತಲೆ ವಾಲಿಸಿ ತೋರಿಸಿದ. "ನಾನು ಕಂಡೀನಿ. ಈ ಕಣ್ಣಾಗೆ. ಕಂಕುಳಾಗೆ ಗಡ್ಡೆ ಎದ್ದಿತ್ತು." ಕೂತು ನೆಲ ತಟ್ಟಿದ. "ಗುಂಡಿ. ನಾನೇ ತೋಡ್ದೆ. ನಾನೇ ಹೂಳಿದೆ."

ಕಿಟಕಿಯೊಳಗೆ ಡಾಕ್ಟರು ಔಷಧದ ಚೀಟಿಯ ಬೆನ್ನಿನ ಮೇಲೆ ಸೀಸದಕಡ್ಡಿಯಿಂದ ಬರೆಯುತ್ತಿದ್ದರು. ಅಕ್ಷರ ಅಡ್ಡಾದಿಡ್ಡಿಯಾದವು. ಸತ್ತ. ಕಂಡೀನಿ. ಹೂಳಿದೆ. ಮುಂಬೈಯ ಕಾಗದವನ್ನು ಇವನಿಗೆ ಯಾರೋ ಓದಿ ಹೇಳಿದ್ದಾರೆ ಎನ್ನುವ ಹಾಗೆ ಒಂದೊಂದೇ ಬಂತು. ಅವಳು ಕೇಳಿರಲಿಲ್ಲ. ಕೇಳಿದವನು ಜಗುಲಿಯ ಮೇಲೆ ಉಳಿದಿದ್ದ. ಸಾಕು ಮಗಳೇ, ಒಳಗೆ ಬಾ ಎಂದು ಡಾಕ್ಟರು ಮನಸ್ಸಿನಲ್ಲೇ ಕೂಗಿಕೊಂಡರು.

ಅರ್ಥವಾಗದವಳ ಮುಂದೆ ಪಾಲಯ್ಯನಿಗೆ ಅಂಜಿಕೆ ಇರಲಿಲ್ಲ. ತನ್ನ ಎತ್ತಿಗೆ ಹೇಳುವ ಹಾಗೆ ಹೇಳಿಕೊಂಡ. "ಹೇಳಿದ್ರೆ, ಪ್ಲೇಗು ಐತಂತ ಸರ್ಕಾರದೋರು ಹಟ್ಟಿಗೆ ಬೆಂಕಿ ಹಾಕ್ತಿದ್ರವ್ವಾ. ಆಚೆ ಹಟ್ಟಿ ಸುಟ್ರಲ್ಲ, ನೋಡಿದ್ವಿ. ಎತ್ತು, ಕೂಸು, ಎಲ್ಲಾ ಬಯಲಿಗೆ ಬೀಳ್ತಿದ್ವು. ಅದ್ಕೇ ಎಲ್ರೂ ಬಾಯಿ ಕಟ್ಕೊಂಡ್ವಿ. ಹಟ್ಟಿಯಿಂದ ಆಚೆ ಒಂದ್ ಜೋಪಡಿ ಹಾಕಿ ಅದ್ರಾಗೆ ಮಲಗಿಸಿದ್ವಿ. ಎರಡ್ ದಿನ ಇದ್ರು."

ಅವನು ಎದ್ದು ಹಗ್ಗ ಬಿಚ್ಚಿ ಎತ್ತನ್ನು ತಿರುಗಿಸಿದ. ಹತ್ತು ಹೆಜ್ಜೆ ಹೋಗಿದ್ದರೆ ಬೇಲಿ ದಾಟುತ್ತಿದ್ದ.

"ನೀರು ಕೇಳಿದ್ರಾ ಅಣ್ಣಾ?"

ಅಚ್ಚ ಚಳ್ಳಕೆರೆಯ ಮಾತು. ಪಾಲಯ್ಯ ಗಕ್ಕನೆ ನಿಂತ. ಕಿಟಕಿಯೊಳಗೆ ಡಾಕ್ಟರ ಕೈಯ ಕಡ್ಡಿಯೂ ನಿಂತಿತು.

"ಅವ್ವಾ, ನಿಮ್ಗೆ..." ಪಾಲಯ್ಯನ ಮುಖ ಕಪ್ಪಿಟ್ಟಿತು. ಆಡಿದ ಮಾತುಗಳೆಲ್ಲ ಒಂದೊಂದಾಗಿ ಅವನಿಗೆ ನೆನಪಾಗುತ್ತಿದ್ದವು.

"ನೀರು ಕೇಳಿದ್ರಾ? ಅವ್ರಿಗೆ ಜ್ವರ ಬಂದ್ರೆ ಬಲು ಬಾಯಾರ್ಕೆ." ರಿಬ್ಕಾ ಮುಂಬೈಯನ್ನು ಮರೆತಿದ್ದಳು, ಕಿಟಕಿಯನ್ನು ಮರೆತಿದ್ದಳು. ವರ್ಷದಿಂದ ಗಂಟಲಲ್ಲಿ ಕೂತಿದ್ದ ಪ್ರಶ್ನೆ ಇದೊಂದೇ.

"ಕೇಳಿದ್ರವ್ವಾ." ಅವನ ದನಿ ಇಳಿದುಹೋಗಿತ್ತು. "ಒಂದೇ ಸಮ ಕೇಳ್ತಿದ್ರು. ಹತ್ರ ಹೋಗಾಕೆ ಎಲ್ರಿಗೂ ಭಯ. ನಂಗೂ ಭಯ. ಮಡಕೆ ತುಂಬಿಸಿ ಬಾಗಿಲ ತಾವ ಇಟ್ಟು ಓಡಿಬಂದೆ."

"ಕುಡಿದ್ರಾ?"

ಪಾಲಯ್ಯ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತ. "ಬೆಳಿಗ್ಗೆ ಹೋದಾಗ ಮಡಕೆ ತುಂಬಿದಂಗೇ ಇತ್ತವ್ವಾ," ಎಂದ.

ಡಾಕ್ಟರು ಚೀಟಿ ನೋಡಿದರು. ಹೂಳಿದೆ ಎಂಬಲ್ಲಿಗೆ ನಿಲ್ಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಮಗಳ ಪ್ರಶ್ನೆಗಳನ್ನೂ ಬರೆದರು, ಅವನ ಉತ್ತರವನ್ನೂ ಬರೆದರು. ಮಡಕೆ ಎಂದು ಬರೆಯುವಾಗ ಅಕ್ಷರ ಕಾಣಿಸಲಿಲ್ಲ.

ಹೊರಗೆ ರಿಬ್ಕಾ ನೆಲದ ಮೇಲೆ ಕೂತಳು. ರವಿಕೆಯ ಕೊರಳಂಚನ್ನು ಎರಡು ಕೈಯಿಂದ ಹಿಡಿದು ಪರ್ರೆಂದು ಒಂದು ಗೇಣು ಹರಿದಳು. ಆ ಸದ್ದಿಗೆ ಪಾಲಯ್ಯ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಬೇಲಿಯ ಕಡೆ ನೋಡಿದ. ಆಮೇಲೆ ಹಗ್ಗ ಕೆಳಗೆ ಬಿಟ್ಟು, ಮೆಲ್ಲಗೆ ಹತ್ತಿರ ಬಂದು, ಅವಳ ಎದುರಿಗೆ ಮಣ್ಣಿನ ಮೇಲೆ ಕೂತ.