ಮನೆಗೆಂದು ತಂದ ಚಾಕು

ಗೂಟಕ್ಕೆ ನೇತುಹಾಕಿದ್ದ ಧರ್ಮರಾಜುವಿನ ಅಂಗಿಯ ಜೇಬುಗಳನ್ನು ಮುನಿಸ್ವಾಮಿ ಮತ್ತೊಮ್ಮೆ ತಡಕಿದ. ಬೀಡಿ ಕಟ್ಟು, ಬಾಚಣಿಗೆ, ಮಡಚಿ ಮಡಚಿ ನವೆದುಹೋದ ಬಸ್ ಟಿಕೆಟ್ಟು ಸಿಕ್ಕವು. ಬೇಕಾದದ್ದು ಮಾತ್ರ ಸಿಗಲಿಲ್ಲ. ಹೊರಗೆ ವಠಾರದ ನಡುವಿನ ಚಪ್ಪಡಿಯ ಮೇಲೆ ಧರ್ಮರಾಜುವಿಗೆ ಕೊನೆಯ ಸ್ನಾನ ಮಾಡಿಸಿ ಆಗಿತ್ತು. ಇನ್ನು ಸೊಂಟದ ಉಡಿದಾರ ಕತ್ತರಿಸಿ ಚಟ್ಟದ ಮೇಲೆ ಮಲಗಿಸಬೇಕು. ಉಡಿದಾರ ಬಿಚ್ಚದೆ ಯಾರನ್ನೂ ಕಳಿಸುವ ಪದ್ಧತಿ ಅವರಲ್ಲಿಲ್ಲ.

"ಧರ್ಮಣ್ಣಾ, ಚಾಕು ಎಲ್ಲಿ..." ಎಂದು ಬಾಗಿಲ ಕಡೆ ತಿರುಗಿದ ಮುನಿಸ್ವಾಮಿ, ತಾನು ಕೂಗುತ್ತಿರುವುದು ಸತ್ತವನನ್ನೇ ಎಂದು ಹೊಳೆದು ಮಾತು ನುಂಗಿಕೊಂಡ.

ಅವನನ್ನೇನು ಅನ್ನುವುದು, ಪಾಪ. ಚಾಮರಾಜಪೇಟೆಯ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುತ್ತಿದ್ದವನು ಧರ್ಮರಾಜು. ಹಗಲೆಲ್ಲ ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆಯ ಹೊಲಿಗೆ ಬಿಚ್ಚುವುದು, ಸುದ್ದಿ ಬಂದರೆ ಮೂಟೆ ಬಿಟ್ಟು ಓಡಿಬರುವುದು. ಬಿದಿರು ಅಳೆದು ಚಟ್ಟ ಕಟ್ಟುವುದು, ಹಗ್ಗ ಕೊಯ್ಯುವುದು, ಉಡಿದಾರ ತೆಗೆಯುವುದು ಎಲ್ಲಕ್ಕೂ ಅವನ ಜೇಬಿನ ಮಡಿಸುವ ಚಾಕು. ಅಷ್ಟು ವರ್ಷ ಜೊತೆಗೆ ಬಿದಿರು ಹಿಡಿದ ಮುನಿಸ್ವಾಮಿಗೆ ಚಾಕು ಅಂದರೆ ಧರ್ಮಣ್ಣನೇ.

"ಕುಸುಮಕ್ಕಾ, ಹೋದ್ ತಿಂಗಳು ಹೊಸದು ತಂದಿದ್ನಲ್ಲಾ, ಎಲ್ಲಿಟ್ಟಿದ್ದ?"

"ನಂಗೊತ್ತಿಲ್ಲ ಮುನಿಸ್ವಾಮಣ್ಣ" ಎಂದಳು ಕುಸುಮಾ.

ಸುಳ್ಳು. ಚಾಕು ಅವಳ ಸೊಂಟದಲ್ಲೇ ಇತ್ತು. ಬೆಳಗಿನ ಜಾವ ಗಂಡನ ಮೈ ತಣ್ಣಗಾಗಿರುವುದು ಕೈಗೆ ತಾಕಿದಾಗ, ಅಕ್ಕಪಕ್ಕದವರನ್ನು ಕೂಗುವುದಕ್ಕೂ ಮೊದಲು ಅವನ ಜೇಬಿನಿಂದ ಅದನ್ನು ತೆಗೆದು ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡಿದ್ದಳು. ಯಾರ ಕೈಗಾದರೂ ಸಿಕ್ಕಿದರೆ ಅದು ಮನೆಯಲ್ಲಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಣಕ್ಕೆ ತಾಕಿದ ಕಬ್ಬಿಣ ಹೆಣದ ಜೊತೆಯಲ್ಲೇ ಹೋಗಬೇಕು. ಅದು ಅಣ್ಣಮ್ಮನ ಕಟ್ಟಳೆ.

ಅಣ್ಣಮ್ಮ ಧರ್ಮರಾಜುವಿನ ಅಕ್ಕ. ತಮ್ಮನ ತಲೆಯ ಹತ್ತಿರ ಮೊರ ಇಟ್ಟುಕೊಂಡು, ಅದರಲ್ಲಿ ಹೋಗಬೇಕಾದ ಸಾಮಾನೆಲ್ಲ ಜೋಡಿಸಿಕೊಂಡು, ಅಳುತ್ತಲೇ ಎಲ್ಲರಿಗೂ ಕೆಲಸ ಹೇಳುತ್ತ ಕೂತಿದ್ದಳು.

*

ಆ ಕಟ್ಟಳೆ ಹುಟ್ಟಿದ್ದು ಕುಸುಮಾ ಮದುವೆಯಾಗಿ ಬಂದ ಹೊಸದರಲ್ಲಿ. ಧರ್ಮರಾಜು ಹಿಂದಿನ ಬೀದಿಯ ಒಬ್ಬ ಮುದುಕನನ್ನು ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಅದೇ ಚಾಕುವಿನಿಂದ ಬಸುರಿ ಹೆಂಡತಿಗೆ ಮಾವಿನಕಾಯಿ ಹೆಚ್ಚಿಕೊಟ್ಟಿದ್ದ. ತೊಳೆದಿದ್ದ, ಬೂದಿ ಹಾಕಿ ತಿಕ್ಕಿದ್ದ. ಅದೇ ವಾರ ಕುಸುಮಾಳ ಬಸಿರು ಇಳಿದುಹೋಯಿತು. ಆಮೇಲೆ ಮತ್ತೆ ಕಟ್ಟಲೇ ಇಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಬೇರೆ ಕಾರಣ ಹೇಳಿದ್ದರು. ಅಣ್ಣಮ್ಮ ಮಾತ್ರ ಮಂಚದ ಪಕ್ಕದಲ್ಲೇ ನಿಂತು, ಸಾವನ್ನ ಜೇಬಲ್ಲಿ ಇಟ್ಕೊಂಡು ಮನೆಗೆ ಬಂದರೆ ಇನ್ನೇನಾಗುತ್ತೆ ಎಂದುಬಿಟ್ಟಳು. ಅಂದಿನಿಂದ ಧರ್ಮರಾಜು ಪ್ರತಿ ಸಾವಿನ ಮನೆಯ ಚಾಕುವನ್ನೂ ಸ್ಮಶಾನದಲ್ಲೇ ಬಿಟ್ಟು ಬರತೊಡಗಿದ. ಮುನಿಸ್ವಾಮಿಯನ್ನು ಬಿಟ್ಟರೆ ಬೀದಿಯವರೆಲ್ಲ ಅವನದು ಒಂದೇ ಚಾಕು ಅಂದುಕೊಂಡಿದ್ದರು. ಎಷ್ಟು ಚಾಕು ಕೊಂಡು ಎಷ್ಟು ಬಿಸಾಕಿದನೋ, ಲೆಕ್ಕ ಇಟ್ಟವರಿಲ್ಲ.

ಬಿಸಾಕುವ ಚಾಕು ಎಂದು ಅಸಡ್ಡೆ ಮಾಡಿದವನೇ? ಅದೂ ಇಲ್ಲ. ಕೈಗೆಟಕುವ ಬೆಲೆಯದೇ ಬೇಕು, ಆದರೆ ಹತ್ತು ತೆಗೆಸಿ ಹತ್ತನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕುಸುಮಾ ಒಮ್ಮೆ ರೇಗಿದ್ದಳು, ನಾಳೆ ಬಿಟ್ಟು ಬರೋದಕ್ಕೆ ಇವತ್ತು ಇಷ್ಟೊಂದು ಪರೀಕ್ಷೆ ಯಾಕೆ ಎಂದು.

"ಮೊಂಡಾಗಿದ್ರೆ ಒತ್ತಿ ಕೊಯ್ಬೇಕಾಗುತ್ತೆ ಕಣೇ. ಮೈಗೆ ತಾಕುತ್ತೆ. ನೋವಾಯ್ತು ಅಂತ ಅವ್ರು ಬಾಯಿಬಿಟ್ಟು ಹೇಳ್ತಾರಾ?" ಎಂದಿದ್ದ.

*

ಚಾಕು ಸಿಗದೆ ಅಂಗಳದಲ್ಲಿ ಗೊಂದಲವಾಯಿತು. ಅಡುಗೆಮನೆಯದನ್ನು ಮುಟ್ಟಕೂಡದು ಎಂದಳು ಅಣ್ಣಮ್ಮ. ಅಕ್ಕಪಕ್ಕದವರನ್ನು ಕೇಳುವಂತಿಲ್ಲ, ಸಾವಿನ ಮನೆಗೆ ಯಾರು ತಾನೇ ತಮ್ಮ ಮನೆಯ ಕಬ್ಬಿಣ ಕೊಟ್ಟಾರು? ಕಡೆಗೆ ಅಣ್ಣಮ್ಮನ ಮಗ ಕೈಲಾಸ್, ಸೋದರಮಾವನ ಕ್ರಿಯೆಗೆ ಕೂತವನು, ಒದ್ದೆ ಪಂಚೆಯಲ್ಲೇ ಮೂಲೆಯಂಗಡಿಗೆ ಓಡಿ ಶೇವಿಂಗ್ ಬ್ಲೇಡು ತಂದ.

ಮುನಿಸ್ವಾಮಿ ಅದನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿದ. ನೀರು ಕುಡಿದ ಕರಿ ದಾರ ಸೊಂಟಕ್ಕೆ ಬಿಗಿಯಾಗಿ ಕೂತಿತ್ತು. ಬ್ಲೇಡು ಬಳುಕಿತು, ಜಾರಿತು. ದಾರ ಹಾಗೇ ಉಳಿದು, ಧರ್ಮರಾಜುವಿನ ಹೊಟ್ಟೆಯ ಮೇಲೆ ತೆಳ್ಳನೆಯ ಒಂದು ಗೀರು ಮೂಡಿತು. ರಕ್ತ ಬರಲಿಲ್ಲ. ರಕ್ತ ಬಾರದ ಆ ಗೀರನ್ನು ನೋಡಿದ ಕುಸುಮಾಳಿಗೆ ತನ್ನ ಹೊಟ್ಟೆಯನ್ನೇ ಯಾರೋ ಗೀರಿದಂತಾಯಿತು. ಅಷ್ಟು ಜನರ ಮೈ ಕಾಪಾಡಿದವನ ಮೈಗೆ ಹೀಗಾಗುವುದೇ?

"ಬಿಡಿ ಮುನಿಸ್ವಾಮಣ್ಣ" ಎನ್ನುತ್ತ ಅವಳು ಎದ್ದುಬಂದಳು.

ಸೊಂಟದಿಂದ ಚಾಕು ತೆಗೆದಾಗ ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಹೆಂಡತಿ ಮಾಡುವ ಕೆಲಸವಲ್ಲ ಇದು ಎಂದು ಯಾರೋ ತಡೆಯಲು ನೋಡಿದರು. ಕುಸುಮಾ ಕಿವಿಗೆ ಹಾಕಿಕೊಳ್ಳಲಿಲ್ಲ. ಉಗುರು ಕೊಟ್ಟು ಅಲಗನ್ನು ಬಿಚ್ಚಿದಳು, ದಾರದ ಕೆಳಗೆ ತನ್ನ ಬೆರಳು ತೂರಿಸಿ ಮೈಗೆ ಅಡ್ಡ ಹಿಡಿದಳು, ಮೇಲ್ಮುಖವಾಗಿ ಒಂದು ಸಲ ಎಳೆದಳು. ಉಡಿದಾರ ಸದ್ದಿಲ್ಲದೆ ಬಿಟ್ಟುಕೊಂಡಿತು.

*

ಆ ಚಾಕುವನ್ನು ಕೊಂಡದ್ದು ಕಳೆದ ತಿಂಗಳು, ಅವೆನ್ಯೂ ರಸ್ತೆಯ ಒಳಗಿನ ಒಂದು ಇಕ್ಕಟ್ಟು ಅಂಗಡಿಯಲ್ಲಿ. ಯಾವಾಗಲೂ ಒಬ್ಬನೇ ಹೋಗುತ್ತಿದ್ದವನು ಅವತ್ತು ಹೆಂಡತಿಯನ್ನೂ ಹೊರಡಿಸಿದ್ದ. ಈಗೀಗ ಸಾವಿನ ಮನೆಗಳಿಗೆ ಫೋನ್ ಮಾಡಿದರೆ ವ್ಯಾನಿನಲ್ಲೇ ಎಲ್ಲ ಬರುತ್ತಿತ್ತು, ಚಟ್ಟದಿಂದ ಹಿಡಿದು ಚಟ್ಟ ಹೊರುವವರವರೆಗೆ. ಅವನನ್ನು ಕರೆಯುವವರು ಕಮ್ಮಿಯಾಗಿದ್ದರು. ಅದಕ್ಕವನಿಗೆ ಬೇಜಾರೇನೂ ಆದಂತಿರಲಿಲ್ಲ.

ಅಂಗಡಿಯವನು ಪಳಪಳ ಹೊಳೆಯುವವನ್ನು ಮುಂದಿಟ್ಟ. ಒಂದರಲ್ಲಿ ಟಾರ್ಚು, ಇನ್ನೊಂದರಲ್ಲಿ ಕತ್ತರಿ, ಓಪನರ್ರು, ಏನೇನೋ. ಹತ್ತು ಕೆಲಸ ಮಾಡ್ತೀನಿ ಅನ್ನೋದು ಒಂದನ್ನೂ ನೆಟ್ಟಗೆ ಮಾಡಲ್ಲ ಎಂದು ಧರ್ಮರಾಜು ಅವನ್ನೆಲ್ಲ ಪಕ್ಕಕ್ಕೆ ಸರಿಸಿದ. ಮರದ ಹಿಡಿಯ, ಒಂದೇ ಅಲಗಿನ ಸಾದಾ ಚಾಕುಗಳನ್ನು ಕೇಳಿದ. ಬಿಚ್ಚಿ ಅಲ್ಲಾಡಿಸಿ ಕೀಲು ಸಡಿಲವಿದೆಯೇ ಎಂದು ನೋಡಿದ. ಮಡಿಸಿದಾಗ ಅಲಗು ಹಿಡಿಯ ನಟ್ಟನಡುವೆ ಕೂರುತ್ತದೆಯೇ, ಪಕ್ಕಕ್ಕೆ ಉಜ್ಜುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಬಿಚ್ಚಿದ ಮೇಲೆ ತಾನಾಗಿ ಮಡಚಿ ಬೆರಳು ಕಚ್ಚದ ಹಾಗೆ ಒಳಗೆ ಲಾಕು ಇರಬೇಕು ಎಂದ. ತುಕ್ಕು ಹಿಡಿಯದ ಉಕ್ಕಿಗಿಂತ ಮನೆಯ ಕಲ್ಲಿನ ಮೇಲೆ ಮಸೆದರೆ ಹರಿತವಾಗುವ ಉಕ್ಕೇ ವಾಸಿ, ಎಣ್ಣೆ ಸವರಿಕೊಂಡರಾಯಿತು ಎಂದು ಹೆಂಡತಿಗೆ ಪಾಠ ಬೇರೆ. ಕುಸುಮಾ ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದಳು.

ಕೊನೆಗೆ ಎರಡು ಉಳಿದವು. ಒಂದು ಅವನ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಬಿಟ್ಟು ಚಿಕ್ಕದನ್ನು ಅವಳ ಮುಂದೆ ಹಿಡಿದ.

"ನಿನ್ ಉಗುರಿಗೆ ಬಿಚ್ಕೊಳ್ಳುತ್ತಾ ನೋಡು."

"ನಂಗ್ಯಾಕೆ? ನೀವು ತಾನೇ ಇಟ್ಕೊಳ್ಳೋದು."

"ಇದು ಸಾವಿಗಲ್ಲ ಕಣೇ. ಮನೆಗೆ. ನಂದು ಅಂತ ಒಂದು ಚಾಕು ಸವೆಯೋವರ್ಗೂ ಇಟ್ಕೊಂಡಿದ್ದೇ ಇಲ್ಲ."

ಅವಳು ಬಿಚ್ಚಿದಳು, ಮಡಿಸಿದಳು. ಸಲೀಸಾಗಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವನ ಮುಖದಲ್ಲಿ ಅಂಥ ನಿರಾಳ ಕಂಡದ್ದು ಅವಳಿಗೆ ನೆನಪಿರಲಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಅವನು ಜೇಬು ಮುಟ್ಟಿಕೊಂಡೇ ನಡೆದ.

*

ಅಣ್ಣಮ್ಮ ಮೊರವನ್ನು ಮುಂದೆ ಚಾಚಿದಳು. ಉಡಿದಾರವನ್ನು ಅದರೊಳಗೆ ಹಾಕಿ ಕುಸುಮಾ ಕೈ ಹಿಂದಕ್ಕೆ ತೆಗೆದುಕೊಂಡಳು.

"ಚಾಕೂನೂ ಹಾಕು ಕುಸುಮಾ."

"ಇಲ್ಲ ಅಕ್ಕ. ಇದು ಹೋಗಲ್ಲ."

"ಸಾವು ತಾಕಿದ್ದು ಕಣೇ ಅದು. ಒಳಗಿಟ್ಕೋಬಾರ್ದು."

ಅಣ್ಣಮ್ಮನೆದುರು ಕುಸುಮಾ ಎಂದೂ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ. "ಇನ್ಯಾರನ್ನ ಕರ್ಕೊಂಡ್ ಹೋಗುತ್ತೆ ಅಕ್ಕ ಇದು? ಈ ಮನೇಲಿ ಉಳಿದಿರೋಳು ನಾನೊಬ್ಬಳು. ಅವತ್ತು ಆ ಕೂಸು ಹೋಗಿದ್ದು ಚಾಕುವಿನಿಂದಲ್ಲ. ನಿಮ್ ತಮ್ಮ ಅಂದ್ಕೊಂಡಿದ್ರು, ತಾವೇ ಕೊಂದಿದ್ದು ಅಂತ. ಬದುಕಿರೋವರ್ಗೂ ಅಂದ್ಕೊಂಡಿದ್ರು."

ಅಣ್ಣಮ್ಮನ ಕೈಯಲ್ಲಿ ಮೊರ ಸ್ವಲ್ಪ ವಾಲಿತು. ಹೊತ್ತಾಗುತ್ತೆ ನಡೀರಪ್ಪ ಎಂದು ಮುನಿಸ್ವಾಮಿ ಅವಸರ ಮಾಡಿದ. ಕೈಲಾಸ್ ಮಡಕೆ ಹಿಡಿದು ಮುಂದೆ ನಡೆದ. ಗಂಡಸರು ಹೆಗಲು ಕೊಟ್ಟರು. ಚಟ್ಟ ಬಾಗಿಲು ದಾಟಿ ಬೀದಿಗಿಳಿದಾಗ ಕುಸುಮಾ ಅಲ್ಲಿಯವರೆಗೆ ತಡೆದುಕೊಂಡಿದ್ದನ್ನೆಲ್ಲ ಬಿಟ್ಟು ಬೋರೆಂದು ಅತ್ತಳು.

ಇಳಿಹೊತ್ತಿಗೆ ಹೆಂಗಸರು ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು, ಒಬ್ಬೊಬ್ಬರಾಗಿ ಹೊರಟುಹೋದರು. ಗಂಡಸರು ಇನ್ನೂ ಬಂದಿರಲಿಲ್ಲ. ಒಳಗೆ ಅಣ್ಣಮ್ಮ, ಕುಸುಮಾ ಇಬ್ಬರೇ. ಧರ್ಮರಾಜುವಿನ ತಲೆ ಇದ್ದ ಜಾಗದಲ್ಲಿ ದೀಪ ಹಚ್ಚಬೇಕಿತ್ತು. ಮಣ್ಣಿನ ಹಣತೆಗೆ ಎಣ್ಣೆ ಹುಯ್ದು, ಹೆಣಕ್ಕೆ ಹೊದಿಸಿ ಮಿಕ್ಕ ಬಿಳಿ ಬಟ್ಟೆಯಲ್ಲಿ ಬತ್ತಿಗೆ ಒಂದು ಚೂರು ಹರಿಯಲು ಅಣ್ಣಮ್ಮ ಹೆಣಗಾಡುತ್ತಿದ್ದಳು. ಹೊಸ ಬಟ್ಟೆ, ಗಟ್ಟಿ ಅಂಚು, ಜಗ್ಗಿದರೂ ಹರಿಯಲಿಲ್ಲ. ಹಲ್ಲಿನಿಂದ ಕಚ್ಚೋಣವೆಂದರೆ ಹಲ್ಲೆಲ್ಲಿದೆ?

ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕತ್ತೆತ್ತದೆ ಕೈ ಚಾಚಿದಳು.

"ಅದನ್ನ ಇಲ್ಲಿ ಕೊಡು."

ಕುಸುಮಾ ಅವಳ ಮುಖವನ್ನೇ ನೋಡಿದಳು. ಚಾಕು ಬಿಚ್ಚಿ ಕೊಟ್ಟಳು. ಅಣ್ಣಮ್ಮ ಅಂಚಿಗೆ ಕಚ್ಚು ಹಾಕಿ ಬಟ್ಟೆ ಸೀಳಿದಳು, ಅಂಗೈಯಲ್ಲಿ ಬತ್ತಿ ಹೊಸೆದಳು, ದೀಪ ಹಚ್ಚಿದಳು. ಆಮೇಲೆ ಚಾಕುವನ್ನು ಸೆರಗಿನಲ್ಲಿ ನಿಧಾನವಾಗಿ ಒರೆಸಿದಳು. ಮಡಿಸುವುದು ಅವಳಿಗೆ ತಿಳಿಯಲಿಲ್ಲ. ತೆರೆದದ್ದನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಸುಮಾಳ ಹತ್ತಿರ ಸರಿದು ಬಂದು, ಅವಳ ಮಡಿಲಲ್ಲಿಟ್ಟಳು.