ಉಗುರು ತಿದ್ದುವ ಪಟ್ಟಿ ಮತ್ತು ಅಂಗೈ ಅಗಲದ ಬಸ್ಸು

೧
ಹೇಗೆ ಶುರು ಮಾಡಲಿ? ‘ಒಂದಾನೊಂದು ಕಾಲದಲ್ಲಿ ಒಂದು ಬಸ್ಸಿತ್ತು’ ಎಂದರೆ ನಗುತ್ತೀರಿ. ಬಸ್ಸು ಇರುವುದೇ ಅಂಗೈ ಅಗಲ, ಅದೂ ಪ್ಲಾಸ್ಟಿಕ್ಕಿನದು. ಮೂವತ್ತು ವರ್ಷ ನಿಜವಾದ ಬಸ್ಸು ಓಡಿಸಿದ ಡ್ರೈವರ್ ಈಗ ಅದರ ಮಾಡೆಲ್ ಕಟ್ಟುತ್ತಿದ್ದಾರೆ. ಚಾವಣಿಯ ಎರಡು ಹೋಳು ಅಂಟಿಸಿದ ಕಡೆ ಸಣ್ಣ ಏಣು ಎದ್ದಿದೆ. ಅದನ್ನು ಉಜ್ಜಿ ನಯ ಮಾಡದೆ ಬಣ್ಣ ಹಚ್ಚುವಂತಿಲ್ಲ. ಡ್ರೈವರ್ ಬಲಗೈ ನಡುಗುತ್ತದೆ.

(ಇಷ್ಟೇ ಕಥೆ. ಅವಸರವಿದ್ದವರು ಇಲ್ಲೇ ಇಳಿದುಕೊಳ್ಳಬಹುದು.)

೨
ಮೊದಲ ಡ್ರಾಫ್ಟಿನಲ್ಲಿ ಡ್ರೈವರ್ ಮಗಳು ಬ್ಯಾಟರಿ ಟೂತ್‌ಬ್ರಷ್ಷಿನ ತಲೆಗೆ ಸ್ಯಾಂಡ್‌ಪೇಪರ್ ಅಂಟಿಸಿ ತಂದಳು. ಅದು ಗುಂಯ್ ಎಂದ ಕಾವಿಗೆ ಚಾವಣಿ ಕರಗಿ ತಗ್ಗು ಬಿತ್ತು.

“ಸರ್ವೀಸಲ್ಲಿ ಒಂದೇ ಒಂದು ಆಕ್ಸಿಡೆಂಟ್ ಮಾಡಿರ್ಲಿಲ್ಲ ಕಣಮ್ಮ,” ಅಂದರು ಡ್ರೈವರ್.

ಡ್ರಾಫ್ಟ್ ಹರಿದೆ. ತಗ್ಗು ಹೋಗಲಿಲ್ಲ, ಪುಟ್ಟಿ ತುಂಬಬೇಕಾಯಿತು.

೩
ಎರಡನೇ ಡ್ರಾಫ್ಟಿನಲ್ಲಿ ಹಲ್ಲಿನ ಪೇಸ್ಟು ಹಚ್ಚಿ ಉಜ್ಜಿದ್ದಾಯಿತು. ಬಸ್ಸು ಪುದೀನ ವಾಸನೆ ಹೊಡೆಯಿತು, ಏಣು ಜಪ್ಪಯ್ಯ ಅನ್ನಲಿಲ್ಲ.

೫
(ನಾಲ್ಕನೆಯದು ನನ್ನ ಚಿಂತನೆ. ನಿಮ್ಮ ಪುಣ್ಯ, ಹರಿದೆ.)

ಮಗಳಿಗೆ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಭಾನುವಾರ ಉಗುರು ತಿದ್ದುವ ಪಟ್ಟಿ ತಂದಳು. ‘ಆ ಕ್ಷಣವೇ ಕೈ ನಡುಕ ನಿಂತಿತು’ ಎಂದು ಬರೆದೆ. ಡ್ರೈವರ್ ತಲೆಯೆತ್ತಿ ನನ್ನನ್ನೇ ನೋಡಿದರು.

“ಏನ್ ಸ್ವಾಮಿ, ಡಾಕ್ಟರ್ ಕೈಲಾಗದ್ದು ನಿಮ್ಮ ಪೆನ್ನಿಗೆ ಆಗ್ಬಿಡ್ತಾ? ಹೊಡೀರಿ ಕಾಟು.”

ಹೊಡೆದೆ. ಕೈ ಮತ್ತೆ ನಡುಗಿತು.

“ಅಪ್ಪ, ನೀನು ಉಜ್ಜಬೇಡ. ಸುಮ್ನೆ ಪಟ್ಟಿ ಹಿಡ್ಕೋ. ಬಸ್ಸನ್ನ ನಾನು ಹಿಡ್ಕೊಳ್ತೀನಿ,” ಅಂದಳು ಮಗಳು.

ಪಟ್ಟಿ ಏಣಿನ ಮೇಲೆ ಕೂತಿತು. ನಡುಕವೇ ಉಜ್ಜತೊಡಗಿತು, ಸಣ್ಣಗೆ, ಒಂದೇ ಸಮನೆ. ಅವಳ ಮಣಿಕಟ್ಟಿನ ಮೇಲೆ ಬಿಳಿ ಪುಡಿ ಉದುರಿತು.

“ಇಂಜಿನ್ ಆನಲ್ಲೇ ಇದೆ ನೋಡು,” ಅಂದರು ಡ್ರೈವರ್. ನಾನು ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡೆ. (ಕಥೆಗಾರ ಅಳಬಾರದಂತೆ. ಅನ್ನುವವರು ಅನ್ನಲಿ.)

೬
ಅಂತ್ಯ ಒಂದು: ಚಾವಣಿ ನಯವಾಯಿತು, ಕೆಂಪು ಬಣ್ಣ, ಗಾಜಿನ ಪೆಟ್ಟಿಗೆ, ಶುಭಂ.

“ಬೇಡ,” ಅಂದಳು ಮಗಳು ನನ್ನ ಕಿವಿಯಲ್ಲಿ. “ಬಸ್ ಮುಗಿದ್ರೆ ಭಾನುವಾರ ಅಪ್ಪ ಏನ್ ಮಾಡ್ತಾರೆ? ನಾನೇನ್ ಮಾಡ್ಲಿ?”

ಅಂತ್ಯ ಎರಡು: ವಾರವಾರವೂ ಅಪ್ಪ ಕೈ ತೊಳೆಯಲು ಹೋದಾಗ ಅವಳು ಒರಟು ಪಟ್ಟಿಯಿಂದ ಚಾವಣಿಗೆ ಎರಡು ಗೀರು ಎಳೆದಿಡುತ್ತಾಳೆ. ಅಪ್ಪನಿಗೆ ಇದು ಗೊತ್ತಿಲ್ಲ.

“ಮೂವತ್ತು ವರ್ಷ ಕನ್ನಡೀಲಿ ಹಿಂದಿನದ್ದು ನೋಡ್ಕೊಂಡೇ ಓಡಿಸಿದೋನು ನಾನು,” ಅಂದರು ಡ್ರೈವರ್. “ವಾಶ್ ಬೇಸಿನ್ ಮೇಲೂ ಕನ್ನಡಿ ಇದೆ ಸ್ವಾಮಿ. ಅವಳಿಗೆ ಹೇಳ್ಬೇಡಿ.”

೭
ಈ ಭಾನುವಾರ ಮಗಳಿಗೆ ಫೋನ್ ಬಂತು. ಗೀರು ಎಳೆಯುವುದನ್ನು ಮರೆತು ಹೊರಟುಹೋದಳು. ಚಾವಣಿ ನುಣುಪಾಗಿತ್ತು. ಉಜ್ಜಿ ಉಜ್ಜಿ ಎಷ್ಟು ತೆಳುವಾಗಿತ್ತೆಂದರೆ, ಬೆಳಕಿಗೆ ಹಿಡಿದರೆ ಒಳಗಿಟ್ಟ ಬೆರಳು ಕಾಣುತ್ತಿತ್ತು. ಇನ್ನೆಷ್ಟು ವಾರ ತಾಳುತ್ತದೋ, ನನಗೂ ಗೊತ್ತಿಲ್ಲ.

ಡ್ರೈವರ್ ಬಾಗಿಲು ಹಾಕಿಕೊಂಡು ಬಂದರು. ಒರಟು ಪಟ್ಟಿ ಹುಡುಕಿ, ನಡುಗುವ ಕೈಯಲ್ಲಿ ತಾವೇ ಎರಡು ಗೀರು ಎಳೆದರು. ಸೊಟ್ಟಗೆ ಬಂದವು.

“ಕಥೆ ಮುಗಿಸಲಾ?” ಎಂದು ಕೇಳಿದೆ.

ಅವರು ಹೆಬ್ಬೆರಳಿನಿಂದ ಚಾವಣಿ ಸವರಿ ನೋಡಿದರು.

“ಇನ್ನೂ ಒರಟಿದೆಯಲ್ಲ ಸ್ವಾಮಿ,” ಅಂದರು.