ಕೊಳ್ಳಿ ಉಳಿಯದ ಒಲೆ

"ಎಷ್ಟು ತುರುಕ್ತೀಯೇ ಬೋಳಿ? ಕಟ್ಟಿಗೆ ಏನು ನಿಮ್ಮಪ್ಪ ಕಡಿದು ತಂದು ಹಾಕ್ತಾನಾ?"

ಧಣಿ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೈಯುತ್ತಿದ್ದ. ಒಲೆಮನೆಯಲ್ಲಿ ಅದಕ್ಕಿಂತ ಒಳಗೆ ಅವನು ಬಂದವನೇ ಅಲ್ಲ. ನೂಲಿಗೆ ಬಣ್ಣ ಹಾಕುವ ಮೂರು ಹಂಡೆಗಳ ಕೆಳಗೆ ಬೆಂಕಿ ಉರಿಸುವುದು ನನ್ನ ಕೆಲಸ. ಒಲೆ ಎಂದರೆ ಗುಹೆಯಷ್ಟು ದೊಡ್ಡ ಇಟ್ಟಿಗೆಯ ಬಾಯಿ. ತುರುಕಿದ್ದರಲ್ಲಿ ಒಂದಿಷ್ಟು ಉರಿಯಾಗುತ್ತಿತ್ತು, ಒಂದಿಷ್ಟು ಕೊಳ್ಳಿಯಾಗಿ ಉಳಿಯುತ್ತಿತ್ತು, ಮಿಕ್ಕದ್ದು ಹೊಗೆಯಾಗಿ ನಮ್ಮ ಎದೆಗೆ ಇಳಿಯುತ್ತಿತ್ತು.

"ಒಲೆ ತಿನ್ನುತ್ತೆ ಧಣಿ, ನಾನಲ್ಲ," ಎಂದೆ.

"ಎದುರು ಮಾತಾಡ್ತೀಯ? ಆ ಕೊಳ್ಳೀನೇ ತೆಗೆದು ಬಾಯಿಗಿಡ್ತೀನಿ ನೋಡು."

ಅವನು ಅತ್ತ ಹೋದ ಮೇಲೆ ಅತ್ತಿಗೆ ಹಂಡೆಕಟ್ಟೆ ಹಿಡಿದುಕೊಂಡು ಕೆಮ್ಮಿದಳು. ನನ್ನಣ್ಣನ ಹೆಂಡತಿ. ಹೊಗೆಯಲ್ಲೇ ನಿಂತು ನೂಲು ಅದ್ದಿ ಅದ್ದಿ ಅವಳ ಎದೆ ಹರಕು ತಿದಿಯಂತಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಆ ಕೆಮ್ಮು ಕೇಳಲಾರದೆ ಒಲೆಗೆ ಕೈ ಹಾಕಿದವನು ಅಣ್ಣ. ಗಾರೆ ಕೆಲಸದವನು, ಕೇರಿಯೆಲ್ಲ ಅವನನ್ನು ಕರೆಯುವುದು ಮೊಂಡ ಎಂದೇ. ಕಟ್ಟಿಗೆ ಉಳಿಸಿಕೊಡುತ್ತೇವೆ ಎಂದದ್ದಕ್ಕೆ ಧಣಿ ನಮ್ಮ ರಜೆಯ ದಿನ ಒಲೆ ಬಿಚ್ಚಲು ಒಪ್ಪಿದ. ಕೆಟ್ಟರೆ ಚರ್ಮ ಸುಲೀತೀನಿ ಎಂಬ ಆಶೀರ್ವಾದವೂ ಸಿಕ್ಕಿತು.

ಅಡಿಯಿಂದ ಗಾಳಿ ಬರಲೆಂದು ಕಟ್ಟಿಗೆಯನ್ನು ನೆಲದಿಂದೆತ್ತಿ ಕಬ್ಬಿಣದ ಸರಳುಗಳ ಮೇಲೆ ಕೂರಿಸಿದೆವು. ಅಗಲ ಬಾಯಿಯನ್ನು ಕಿರಿದು ಮಾಡಿ ಕಬ್ಬಿಣದ ಬಾಗಿಲಿಟ್ಟೆವು. ಉರಿ ನೇರವಾಗಿ ಚಿಮಣಿಗೆ ಓಡದಂತೆ ಹಿಂದೊಂದು ಗಿಡ್ಡ ಗೋಡೆ. ಮೊದಲ ಸಲ ಮೊಂಡ ಅದನ್ನು ತೀರಾ ಮುಂದೆ ಕಟ್ಟಿಬಿಟ್ಟ; ಬೆಂಕಿ ಹಿಂದಕ್ಕೆ ನುಗ್ಗಿ ಅವನ ಹುಬ್ಬು ಸುಟ್ಟಿತು. "ಆ ಮೋರೆಗೆ ಹುಬ್ಬು ಇದ್ದಿದ್ದೇ ಹೆಚ್ಚು ಬಿಡು," ಎಂದು ಅತ್ತಿಗೆ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಗೋಡೆ ಒಡೆದು ಹಿಂದಕ್ಕೆ ಸರಿಸಿ, ಹೊಗೆಯೂ ಉರಿದುಹೋಗಲೆಂದು ಮೇಲೆ ಸಣ್ಣ ತೂತುಗಳನ್ನು ಬಿಟ್ಟೆವು.

ಹತ್ತಿತು ನೋಡಿ! ಏನು ಸದ್ದು, ಏನು ಬಿರುಸು! ಮೂರೂ ಹಂಡೆ ಕೊತಕೊತ ಕುದಿಯುತ್ತಿದ್ದರೂ ಕಟ್ಟಿಗೆಯ ರಾಶಿ ಇದ್ದಲ್ಲೇ ಇತ್ತು. ಚಿಮಣಿಯ ಮೇಲೆ ಆಕಾಶ ಕಾಣಿಸಿತು. ಅತ್ತಿಗೆ ಎದೆ ತುಂಬ ಉಸಿರು ಎಳೆದುಕೊಂಡು, ಬಿಡಲು ಮನಸ್ಸಿಲ್ಲದವಳಂತೆ ಹಾಗೇ ನಿಂತಳು. ನನಗೆ ಖುಷಿಗೆ ಅಳುವೇ ಬಂತು.

ಸಂಜೆ ಒಲೆ ಗೆಬರುವ ಹೊತ್ತಿಗೆ ಕೇರಿಯ ಹೆಂಗಸರು ಎಂದಿನಂತೆ ಬುಟ್ಟಿ ಹಿಡಿದು ಬಂದರು. ಒಲೆಯಲ್ಲಿ ಉಳಿದ ಕೊಳ್ಳಿ, ಇದ್ದಿಲು ಕೆಲಸದವರದ್ದು ಎಂಬುದು ಧಣಿಯ ಅಪ್ಪನ ಕಾಲದ ಮಾತು. ಕೇರಿಯ ಮನೆಗಳಲ್ಲೆಲ್ಲ ಎಸರು ಕುದಿಯುತ್ತಿದ್ದುದು ಅದರಿಂದಲೇ. ನಾನು ಸಲಿಕೆ ಹಾಕಿ ಎಳೆದೆ. ಬೆಳ್ಳಗಿನ ಬೂದಿ ಬಂತು. ಇನ್ನೊಮ್ಮೆ ಎಳೆದೆ, ಅದೂ ಬೂದಿ. ಹೊಗೆ ಸಾಯಲಿ ಎನ್ನುವ ಆತುರದಲ್ಲಿ ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಂಡಿದ್ದೆವು.

ಧಣಿಯ ಹತ್ತಿರ ಹೋದೆವು. ಅವನು ಅಂಗಳದಲ್ಲಿ ಅತಿಥಿಗಳಿಗೆ ಚಿಮಣಿ ತೋರಿಸುತ್ತ, "ಎಲ್ಲಾ ನನ್ನದೇ ತಲೆ," ಎನ್ನುತ್ತಿದ್ದ. ಉಳಿದ ಕಟ್ಟಿಗೆಯನ್ನು ಮಾರಲು ಗಾಡಿ ಬಂದು ನಿಂತಿತ್ತು.

"ದೂರ ನಿಂತು ಮಾತಾಡಿ, ಗಬ್ಬು ನಾರ್ತೀರಿ."

"ಕೊಳ್ಳಿ ಉಳೀತಿಲ್ಲ ಧಣಿ," ಎಂದೆ. "ಅದರ ಬದಲು ಮನೆಗೊಂದು ಹೊರೆ ಕಟ್ಟಿಗೆ ಕೊಡಿ. ಉಳಿಸಿದ್ದು ನಾವೇ ಅಲ್ವಾ?"

"ಮಾತು ಏನಿತ್ತು? ಒಲೇಲಿ ಉಳಿದಿದ್ದು ನಿಮ್ಮದು. ಏನುಳಿದಿದೆ ಹೇಳು."

"ಬೂದಿ."

"ತಗೊಂಡು ಹೋಗಿ. ನಾನೇನು ಬೇಡ ಅಂದ್ನಾ? ಮೋರೆಗೆ ಬಳ್ಕೊಳ್ಳಿ, ಸ್ವಲ್ಪ ಬೆಳ್ಳಗಾಗ್ತೀರಿ."

ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಹೊಟ್ಟೆಯಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಮನೆಯ ಮುರುಕು ಮಂಚ, ಕೂರುವ ಮಣೆ ಸುಟ್ಟು ಬೇಯಿಸಿಕೊಂಡೆವು. ಸುಡುವುದಕ್ಕೆ ಏನೂ ಇಲ್ಲವಾದ ದಿನ ಮೊಂಡ ಹಾರೆ ಹಿಡಿದು ಒಲೆಮನೆಗೆ ನುಗ್ಗಿದ.

"ನಾನೇ ಕಟ್ಟಿದ್ದು, ನಾನೇ ಒಡೀತೀನಿ. ಆ ಹಲ್ಕಾ ನನ್ಮಗನ ಕಟ್ಟಿಗೆ ಮೊದಲಿನ ಹಾಗೇ ಉರಿದು ಹಾಳಾಗ್ಲಿ."

ಅತ್ತಿಗೆ ಅಡ್ಡ ನಿಂತಳು. "ಮೊದಲು ನನ್ನ ಎದೆ ಒಡಿ. ಹೊಗೆ ಕುಡಿಯೋಳು ನಾನು ತಾನೇ? ಈಗಷ್ಟೇ ಕಾಲು ಚಾಚಿ ಮಲಗ್ತಿದೀನಿ ಕಣೋ!"

"ಮತ್ತೆ ಗಂಜಿ ಎಲ್ಲಿ ಕಾಯಿಸ್ತೀಯೆ? ನನ್ನ ತಲೆ ಮೇಲಾ?"

"ನಿನ್ನ ತಲೆ ಯಾಕೆ? ಇಷ್ಟು ಚೆನ್ನಾಗಿ ಉರಿಯೋ ಒಲೆ ಕಟ್ಟಿದೀಯಲ್ಲ."

ಅವಳು ಮನೆಗೆ ಹೋಗಿ ಮಸಿ ಹಿಡಿದ ಮಡಕೆಯನ್ನು ನೀರು, ಕಾಳು ಸಮೇತ ಹೊತ್ತು ತಂದಳು. ಅವಳ ಹಿಂದೆ ಪಕ್ಕದ ಮನೆಯವಳು, ಅವಳ ಹಿಂದೆ ಇನ್ನೊಬ್ಬಳು. ಬಾಗಿಲು ತೆರೆದಿಟ್ಟರೆ ಈ ಒಲೆಯ ಬಿರುಸು ಇಳಿಯುತ್ತದೆ, ಹಂಡೆಗಳು ತಣಿಯುತ್ತವೆ, ಬಣ್ಣ ಸಮನಾಗಿ ಹಿಡಿಯದೆ ಹಂಡೆಯಲ್ಲಿದ್ದ ನೂಲೆಲ್ಲ ತೇಪೆ ತೇಪೆಯಾಗುತ್ತದೆ. ಗೊತ್ತಿದ್ದೇ ತೆರೆದೆ. ಒಲೆಯ ಬಾಯಲ್ಲಿ ಮಡಕೆಗೆ ಮಡಕೆ ತಾಗಿಸಿ ಇಟ್ಟೆವು.

ಧಣಿ ಓಡಿ ಬಂದ. ಕರವಸ್ತ್ರ ಎಲ್ಲಿ ಬಿತ್ತೋ, ಒಳಗೇ ಬಂದ.

"ಮುಚ್ಚೇ ಬಾಗಿಲು! ನೂಲು ಹಾಳಾಯ್ತು! ನಾಳೆಯಿಂದ ಒಬ್ಬರೂ ಒಳಗೆ ಕಾಲಿಡಬಾರದು, ಬೋಳಿಮಕ್ಕಳಾ!"

"ನಾಳೆ ಮಾತು ನಾಳೆಗೆ," ಎಂದಳು ಅತ್ತಿಗೆ. "ಇವತ್ತು ಬೆಂದ ಮೇಲೆ ಮುಚ್ತೀವಿ. ಇಲ್ಲಾ, ಮನೆಗೊಂದು ಹೊರೆ ಅಂತ ಈಗಲೇ ಬಾಯಿಬಿಟ್ಟು ಹೇಳು." ಅಷ್ಟು ಉದ್ದದ ಮಾತನ್ನು ಅವಳು ಕೆಮ್ಮದೆ ಮುಗಿಸಿದಳು.

ಹೊರಗಿನಿಂದ ಇನ್ನೂ ಮಡಕೆಗಳು ಬರುತ್ತಲೇ ಇದ್ದವು. ಧಣಿ ನನ್ನನ್ನು ನೂಕಿ, ತಾನೇ ಮುಚ್ಚುತ್ತೇನೆಂದು ಬಾಗಿಲ ಹಿಡಿಗೆ ಕೈ ಹಾಕಿದ. ಕಿರುಚಿ ಕೈ ಎಳೆದುಕೊಂಡ. ಆ ಹಿಡಿಯನ್ನು ಒದ್ದೆ ಬಟ್ಟೆಯಿಲ್ಲದೆ ಮುಟ್ಟಲಾಗದು.

ಅವನು ಸುಟ್ಟ ಕೈ ಊದಿಕೊಳ್ಳುತ್ತ ಸುತ್ತಲೂ ಹುಡುಕಿದ. ಬಟ್ಟೆ ನನ್ನ ಹೆಗಲ ಮೇಲಿತ್ತು. ನಾನು ಕೊಡಲಿಲ್ಲ.